ಮೀನು ಬಿಡಬೇಕಾಗಿಲ್ಲ, ಎಣ್ಣೆ ಕಮ್ಮಿ ಮಾಡಿ ಸಾಕು: ಗಲ್ಫ್ ರೂಮಿನಲ್ಲಿ ಮೀನು-ತರಕಾರಿ ಪುಳಿಮುಂಚಿ

ಕಳೆದ ವರ್ಷ ಚಳಿ ಶುರುವಾಗುವ ಹೊತ್ತಿಗೆ ನಮ್ಮ ಬಿಲ್ಡಿಂಗ್‌ನಲ್ಲೇ ಇರುವ ಊರಿನವರೊಬ್ಬರಿಗೆ ಡ್ಯೂಟಿಯಲ್ಲಿರುವಾಗ ಎದೆನೋವು ಬಂತು. ವಯಸ್ಸು 44. ಕುಡಿಯುವುದಿಲ್ಲ, ಸಿಗರೇಟ್ ಸೇದುವುದಿಲ್ಲ, ಬೆಳಗ್ಗಿನಿಂದ ಸಂಜೆವರೆಗೆ ನಿಂತೇ ಕೆಲಸ. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು, ದೇವರ ದಯೆ, ಬದುಕಿಕೊಂಡರು. ಆದರೆ ಎರಡು ತಿಂಗಳು ಓವರ್‌ಟೈಮ್ ಇಲ್ಲ, ಊರಿಗೆ ಹೋಗುವ ಹಣ ಅರ್ಧವಾಯಿತು, ಮಗಳ ಕಾಲೇಜು ಫೀಸಿಗೆ ಸಾಲ ಮಾಡಬೇಕಾಯಿತು.

ನೋಡಲು ಹೋದಾಗ ಅವರು ಹೇಳಿದ ಮಾತು ಇದು: "ಇನ್ನು ಮೀನು ತಿನ್ನಬಾರದಂತೆ ಮಾರಾಯ್ರೇ. ಮೀನು ಬಿಟ್ಟು ನಾವು ಬದುಕುವುದು ಹೇಗೆ?"

ನನಗೆ ನಂಬಿಕೆ ಬರಲಿಲ್ಲ. ಮುಂದಿನ ಸಲ ಅವರ ಜತೆ ನಾನೇ ಆಸ್ಪತ್ರೆಗೆ ಹೋಗಿ ಡಯಟಿಷಿಯನ್ ಹತ್ತಿರ ಕೇಳಿದೆ. ಆ ಹೆಣ್ಣುಮಗಳು ನಗುತ್ತಾ ಹೇಳಿದ್ದು, ಮೀನು ಬಿಡಿ ಅಂತ ಯಾರೂ ಹೇಳಿಲ್ಲ, ಎಣ್ಣೆಯಲ್ಲಿ ಮುಳುಗಿಸಿದ ಮೀನು ಬಿಡಿ ಅಂತ ಹೇಳಿದ್ದು. ಬೇಯಿಸಿದ ಮೀನು ವಾರಕ್ಕೆ ಎರಡು ಸಲ ತಿನ್ನಿ, ಜತೆಗೆ ತರಕಾರಿ ಜಾಸ್ತಿ ಮಾಡಿ. ಅಷ್ಟೇ ವಿಷಯ. ಭಾಷೆ ಅರ್ಧ ಅರ್ಥವಾಗಿ, ಭಯ ಪೂರ್ತಿ ಆಗಿ, ನಮ್ಮವರು ಮೀನನ್ನೇ ಬಿಡಲು ಹೊರಟಿದ್ದರು.

ನಾನು ಡಾಕ್ಟರ್ ಅಲ್ಲ, ಅಡುಗೆಯವನೂ ಅಲ್ಲ. ಬಿ.ಕಾಂ. ಓದಿ ಇಲ್ಲಿ ಲೆಕ್ಕ ಬರೆಯುವವನು. ಆದರೆ ಬ್ಯಾಚುಲರ್ ರೂಮಿನಲ್ಲಿ ವರ್ಷಗಟ್ಟಲೆ ಪಾಳಿ ಪ್ರಕಾರ ಅಡುಗೆ ಮಾಡಿದ ಅನುಭವ ಇದೆ. ಅವರಿಗೋಸ್ಕರ ಶುರು ಮಾಡಿದ ಒಂದು ಅಡುಗೆ ಈಗ ನಮ್ಮ ರೂಮಿನ ವಾರದ ಅಡುಗೆಯೇ ಆಗಿದೆ. ಅದನ್ನು ಲೆಕ್ಕ ಸಮೇತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಣ್ಣೆಯ ಲೆಕ್ಕ

ಮೀನಿನ ಮಾಂಸ 100 ಗ್ರಾಂನಲ್ಲಿ ಸುಮಾರು 18ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ. ಬೂತಾಯಿ, ಬಂಗುಡೆಯಂಥ ಎಣ್ಣೆಯಂಶದ ಮೀನಿನಲ್ಲಿ ಒಮೆಗಾ-3 ಎಂಬ ಕೊಬ್ಬು ಇದೆ. ಇದು ಹೃದಯಕ್ಕೆ ಒಳ್ಳೆಯದು. ಸಮಸ್ಯೆ ಬರುವುದು ನಾವು ಮೀನಿನ ಮೇಲೆ ಹಾಕುವುದರಿಂದ.

ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 14 ಗ್ರಾಂ ಕೊಬ್ಬು, ಸುಮಾರು 120 ಕ್ಯಾಲೊರಿ. ತೆಂಗಿನೆಣ್ಣೆಯಾಗಲಿ, ಸೂರ್ಯಕಾಂತಿ ಎಣ್ಣೆಯಾಗಲಿ, ಆಲಿವ್ ಎಣ್ಣೆಯಾಗಲಿ, ಕ್ಯಾಲೊರಿ ಲೆಕ್ಕ ಹೆಚ್ಚುಕಮ್ಮಿ ಒಂದೇ. ಹಸಿ ತೆಂಗಿನ ತುರಿ 100 ಗ್ರಾಂನಲ್ಲಿ ಸುಮಾರು 33 ಗ್ರಾಂ ಕೊಬ್ಬು.

ಈಗ ನಾಲ್ಕು ಜನರ ಒಂದು ರಜೆ ದಿನದ ಊಟ ತೆಗೆದುಕೊಳ್ಳಿ. ಅಂಜಲ್ ಫ್ರೈ ಮತ್ತು ತೆಂಗಿನಕಾಯಿ ಹಾಕಿದ ಮೀನಿನ ಗಸಿ. ಫ್ರೈ ಒಟ್ಟು 8 ಚಮಚ ಎಣ್ಣೆ ಹೀರಿಕೊಂಡಿತು ಅಂತಿಟ್ಟುಕೊಳ್ಳಿ. 960 ಕ್ಯಾಲೊರಿ ಆಯಿತು, ತಲೆಗೆ 240. ಗಸಿಗೆ 150 ಗ್ರಾಂ ತೆಂಗಿನ ತುರಿ ಅರೆದರೆ ಅದರ ಕೊಬ್ಬು 50 ಗ್ರಾಂ, ಅಂದರೆ 450 ಕ್ಯಾಲೊರಿ, ತಲೆಗೆ 110ಕ್ಕಿಂತ ಸ್ವಲ್ಪ ಮೇಲೆ. ಅನ್ನ, ಮೀನು ಬಿಟ್ಟು ಬರೀ ಎಣ್ಣೆ-ಕಾಯಿಯಿಂದಲೇ ತಲೆಗೆ 350 ಕ್ಯಾಲೊರಿ.

ಕೆಳಗೆ ಹೇಳುವ ಅಡುಗೆಯಲ್ಲಿ ನಾಲ್ಕು ಜನರಿಗೆ ಒಂದೇ ದೊಡ್ಡ ಚಮಚ ಎಣ್ಣೆ, ತೆಂಗಿನಕಾಯಿ ಇಲ್ಲ. ತಲೆಗೆ 30 ಕ್ಯಾಲೊರಿ. ಒಂದು ಊಟಕ್ಕೆ 320 ಕ್ಯಾಲೊರಿ ಉಳಿತಾಯ. ಸಂಬಳದಲ್ಲಿ ಇಷ್ಟು ಪರ್ಸೆಂಟ್ ಉಳಿತಾಯ ಆಗಿದ್ದರೆ ನಾವೆಲ್ಲ ಯಾವತ್ತೋ ಊರಿಗೆ ಹೋಗಿ ಕೂತಿರುತ್ತಿದ್ದೆವು!

ಮೀನಿಗೆ ತರಕಾರಿ ಹಾಕುವುದು ಹೊಸತೇನಲ್ಲ

"ಮೀನಿಗೆ ತರಕಾರಿಯಾ?" ಎಂದು ನಮ್ಮ ರೂಮಿನಲ್ಲೂ ಮೂಗು ಮುರಿದವರಿದ್ದರು. ಆದರೆ ನೆನಪು ಮಾಡಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಬಸಳೆಗೆ ಮರುವಾಯಿ ಹಾಕುತ್ತೇವೆ, ಸೌತೆಕಾಯಿಗೆ ಸಿಗಡಿ ಹಾಕುತ್ತೇವೆ, ನುಗ್ಗೆಕಾಯಿ ಜತೆ ಸಿಗಡಿ ಬೇಯಿಸುತ್ತೇವೆ. ಮಾವಿನಕಾಯಿ, ಅಂಬಟೆ, ಬಿಂಬುಳಿ ಬಿಡುವ ಕಾಲದಲ್ಲಿ ಅವೆಲ್ಲ ಮೀನು ಸಾರಿಗೆ ಬೀಳುತ್ತವೆ. ನಮ್ಮ ಅಜ್ಜಿಯಂದಿರು ಸೀಸನ್ ತರಕಾರಿ ಹಾಕಿಯೇ ಮೀನಿನ ಪದಾರ್ಥ ಉದ್ದ ಮಾಡುತ್ತಿದ್ದರು. ಮೀನು ಕಮ್ಮಿ, ತಿನ್ನುವ ಬಾಯಿ ಜಾಸ್ತಿ ಇದ್ದ ಕಾಲ ಅದು.

ಇನ್ನು ಇಲ್ಲಿನ ಅರಬ್ ಮನೆಗಳಲ್ಲಿ ಮಾಡುವ ಸಲೋನ ನಿಮಗೆ ಗೊತ್ತೇ ಇರುತ್ತದೆ. ಮನೆ ಡ್ರೈವರ್, ಹೌಸ್‌ಬಾಯ್ ಆಗಿ ಕೆಲಸ ಮಾಡುವವರು ತಿಂದೇ ಇರುತ್ತಾರೆ. ಮೀನು ಅಥವಾ ಮಾಂಸ, ಜತೆಗೆ ಟೊಮೆಟೊ, ಬದನೆ, ಕೂಸಾ, ಆಲೂಗಡ್ಡೆ, ಹುಳಿಗೆ ಒಣಗಿಸಿದ ನಿಂಬೆ ಲೂಮಿ. ತೆಳ್ಳಗಿನ ರಸ, ತೆಂಗಿನಕಾಯಿ ಇಲ್ಲ.

ನಮ್ಮಲ್ಲಿ ತೆಂಗಿನಕಾಯಿ ಬೇಡದ ಮೀನಿನ ಪದಾರ್ಥ ಅಂದರೆ ಪುಳಿಮುಂಚಿ. ತುಳುವಿನಲ್ಲಿ ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು. ಹುಣಸೆ ಮತ್ತು ಬ್ಯಾಡಗಿ ಮೆಣಸಿನ ಬಲದಲ್ಲೇ ನಿಲ್ಲುವ ಪದಾರ್ಥ. ಸಲೋನದ ತರಕಾರಿಯನ್ನು ನಮ್ಮ ಪುಳಿಮುಂಚಿಗೆ ಹಾಕಿದರೆ ಈ ಅಡುಗೆ ಆಗುತ್ತದೆ. ರುಚಿ ಊರಿನದ್ದೇ.

ಯಾವ ಮೀನು ತರುವುದು?

ಬಂಗುಡೆ ಇದಕ್ಕೆ ಒಳ್ಳೆಯದು. ಮಲಯಾಳಿ ಅಂಗಡಿಯಲ್ಲಿ ಅಯಲ ಅನ್ನುತ್ತಾರೆ. ಸಾಮಾನ್ಯವಾಗಿ ಕಮ್ಮಿ ಬೆಲೆಗೆ ಸಿಗುವ ಮೀನು, ಒಮೆಗಾ-3 ಜಾಸ್ತಿ. ಬೂತಾಯಿ, ಅವರ ಮತ್ತಿ, ಅದೂ ಆಗುತ್ತದೆ, ಆದರೆ ಬೇಗ ಬೆಂದು ಒಡೆಯುತ್ತದೆ, ಜಾಗ್ರತೆ ಬೇಕು. ಮುಳ್ಳು ಆಗದವರಿಗೆ, ಮಕ್ಕಳಿಗೆ ಶೇರಿ ಅಥವಾ ಹಮೂರ್ ತುಂಡು ಸರಿ. ಬಿಳಿ ಮಾಂಸ, ವಾಸನೆ ಕಮ್ಮಿ. ಬಯಲುಸೀಮೆ, ಉತ್ತರ ಕರ್ನಾಟಕದ ಕಡೆಯವರು ಕೆಲವರಿಗೆ ಸಮುದ್ರ ಮೀನಿನ ವಾಸನೆ ಹಿಡಿಸುವುದಿಲ್ಲ. ಅವರು ತಿಲಾಪಿಯಾ, ಅಂದರೆ ನಮ್ಮ ಜಿಲೇಬಿ ಮೀನಿನಲ್ಲಿ ಮಾಡಬಹುದು.

ಅಂಜಲ್ ದೊಡ್ಡ ಮೀನು, ಬೆಲೆಯೂ ದೊಡ್ಡದು. ಚಿಕ್ಕ ಮೀನು ತಿಂದು ಬದುಕುವ ದೊಡ್ಡ ಮೀನುಗಳಲ್ಲಿ ಪಾದರಸದ ಅಂಶ ಹೆಚ್ಚು ಸೇರಿಕೊಳ್ಳುತ್ತದೆ. ಹಾಗಾಗಿ ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ, ಸಣ್ಣ ಮಕ್ಕಳಿಗೆ ಬಂಗುಡೆ, ಬೂತಾಯಿಯಂಥ ಚಿಕ್ಕ ಮೀನು ವಾಸಿ. ಉಳಿದವರು ಅಂಜಲನ್ನು ಅಪರೂಪಕ್ಕೆ ತಿಂದರೆ ತೊಂದರೆ ಇಲ್ಲ.

ಮೀನಿಗೂ ಸೀಸನ್ ಇದೆ ಅನ್ನುವುದು ನೆನಪಿರಲಿ. ಊರಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್ ಕಡಲಿಗೆ ಇಳಿಯುವುದಿಲ್ಲ, ಮೀನು ಮೊಟ್ಟೆ ಇಡುವ ಕಾಲ ಅದು. ಇಲ್ಲೂ ಹಾಗೇ. ಒಮಾನ್‌ನಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅಂಜಲ್ ಹಿಡಿಯುವುದಕ್ಕೆ ನಿಷೇಧ. ಯುಎಇಯಲ್ಲಿ ಶೇರಿ ಮತ್ತು ಸಾಫಿಗೆ ಮಾರ್ಚ್-ಏಪ್ರಿಲ್ ಹೊತ್ತಿಗೆ ನಿಷೇಧ ಇರುತ್ತದೆ, ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಆ ದಿನಗಳಲ್ಲಿ ಆ ಮೀನೇ ಬೇಕು ಎಂದು ಹಟ ಮಾಡದೆ ಬಂಗುಡೆ ಕಡೆ ಬನ್ನಿ.

ತರಕಾರಿಗೆ ಇಲ್ಲಿ ಚಳಿಗಾಲವೇ ಸುಗ್ಗಿ

ಊರಲ್ಲಿ ಮಳೆ ನೋಡಿ ತರಕಾರಿ ಲೆಕ್ಕ ಹಾಕುತ್ತೇವೆ. ಗಲ್ಫ್‌ನಲ್ಲಿ ಲೆಕ್ಕ ಉಲ್ಟಾ, ಬಿಸಿಲು ಇಳಿದರೆ ಬೆಳೆ. ಸುಮಾರು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿನ ತೋಟಗಳದ್ದೇ ಟೊಮೆಟೊ, ಸೌತೆ, ಕೂಸಾ, ಬದನೆ, ಕ್ಯಾಪ್ಸಿಕಂ, ಹೂಕೋಸು, ಎಲೆಕೋಸು, ಮೂಲಂಗಿ, ಸೊಪ್ಪು ಮಾರ್ಕೆಟ್‌ಗೆ ಬರುತ್ತವೆ. ಹತ್ತಿರದಿಂದ ಬರುವುದರಿಂದ ತಾಜಾ, ಬೆಲೆಯೂ ಇಳಿದಿರುತ್ತದೆ. ಡಬ್ಬಿಯ ಮೇಲೆ ಯಾವ ದೇಶದ್ದು ಅಂತ ಬರೆದಿರುತ್ತದೆ, ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಕೂಸಾ ಗೊತ್ತಿಲ್ಲದವರಿಗೆ: ನೋಡಲು ಸೌತೆಕಾಯಿಯ ಹಾಗೆ, ತಿಳಿ ಹಸಿರು, ಗಿಡ್ಡ. ಸೂಪರ್ ಮಾರ್ಕೆಟ್‌ನಲ್ಲಿ ಝುಕಿನಿ ಅಥವಾ ಮ್ಯಾರೋ ಅಂತಲೂ ಬೋರ್ಡ್ ಇರುತ್ತದೆ. ಬೆಂದ ಮೇಲೆ ನಮ್ಮ ಸೋರೆಕಾಯಿಯ ಹಾಗೆ ಮೆತ್ತಗೆ, ಮಸಾಲೆ ಚೆನ್ನಾಗಿ ಹೀರುತ್ತದೆ. ಸಿಪ್ಪೆ ತೆಗೆಯುವ ಕೆಲಸವೂ ಇಲ್ಲ.

ಬೇಸಿಗೆಯಲ್ಲಿ ಇಲ್ಲಿನ ಬೆಳೆ ಕಮ್ಮಿಯಾಗುತ್ತದೆ, ಹೆಚ್ಚಿನದು ಹೊರಗಿನಿಂದ ಬರುತ್ತದೆ. ಆಗ ಬೆಂಡೆಕಾಯಿ, ಸೋರೆಕಾಯಿ, ಸಿಹಿಗುಂಬಳ, ನುಗ್ಗೆಕಾಯಿ, ನಮ್ಮ ಊರಿನ ಸೌತೆಕಾಯಿ ಬಳಸಿ. ಅಡುಗೆ ಕ್ರಮ ಒಂದೇ. ಅಂದಿನ ಮಾರ್ಕೆಟ್‌ನಲ್ಲಿ ಯಾವುದು ರಾಶಿ ಬಿದ್ದಿದೆಯೋ ಅದನ್ನು ತನ್ನಿ, ಸಾಕು.

ಮಾರ್ಕೆಟ್‌ನಿಂದ ಫ್ರಿಜ್‌ವರೆಗೆ

ದುಬೈ ಕಡೆ ಇರುವವರಿಗೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ ಗೊತ್ತು. ಹಳೆಯ ದೇರಾ ಮೀನು ಮಾರ್ಕೆಟ್ 2017ರಲ್ಲಿ ಅಲ್ಲಿಗೆ ಬಂತು. ಮೀನು, ತರಕಾರಿ ಎರಡೂ ಒಂದೇ ಕಡೆ ಸಿಗುತ್ತದೆ. ಶಾರ್ಜಾದಲ್ಲಿ ಸೂಕ್ ಅಲ್ ಜುಬೈಲ್, ಅಬುಧಾಬಿಯಲ್ಲಿ ಮೀನಾ, ಮಸ್ಕತ್‌ನಲ್ಲಿ ಮತ್ರಾ. ದೂರದ ಕ್ಯಾಂಪ್‌ನಲ್ಲಿರುವವರಿಗೆ ಹತ್ತಿರದ ಹೈಪರ್ ಮಾರ್ಕೆಟ್‌ನ ಮೀನಿನ ಕೌಂಟರ್ ಸಾಕು.

ತಾಜಾ ಮೀನು ಗುರುತಿಸುವುದು ಹೇಗೆ? ಕಣ್ಣು ಹೊಳೆಯುತ್ತಿರಬೇಕು, ಒಳಗೆ ಕುಸಿದಿರಬಾರದು. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಬೀಳದೆ ಮಾಂಸ ವಾಪಸ್ ಬರಬೇಕು. ಕಡಲಿನ ವಾಸನೆ ಇರಬೇಕು, ಮೂಗಿಗೆ ಹೊಡೆಯುವ ಘಾಟು ಇರಬಾರದು. ಅಂಗಡಿಯವರಿಗೆ ಬೇಜಾರಾದೀತು ಅಂತ ಸಂಕೋಚ ಬೇಡ. ದುಡ್ಡು ನಿಮ್ಮದು, ಹೊಟ್ಟೆಯೂ ನಿಮ್ಮದು.

ಇನ್ನೊಂದು ಮುಖ್ಯ ವಿಷಯ. ಬಂಗುಡೆ, ಬೂತಾಯಿ, ಕೇದಾರದಂಥ ಮೀನು ಸೆಕೆಯಲ್ಲಿ ಹೊರಗೆ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ಪದಾರ್ಥ ಹುಟ್ಟುತ್ತದೆ. ಇದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪಾಗುವುದು, ತಲೆನೋವು, ತುರಿಕೆ, ವಾಂತಿ. "ನನಗೆ ಬಂಗುಡೆ ಆಗುವುದಿಲ್ಲ" ಅನ್ನುವವರಲ್ಲಿ ಕೆಲವರಿಗೆ ಆಗದಿರುವುದು ಬಂಗುಡೆ ಅಲ್ಲ, ಬಿಸಿಲಲ್ಲಿ ಬಂದ ಬಂಗುಡೆ. ಹಾಗಾಗಿ ಮೀನು ಕೊನೆಯಲ್ಲಿ ಕೊಳ್ಳಿ. ಅಂಗಡಿಯವರಿಂದ ಒಂದು ಹಿಡಿ ಐಸ್ ಕೇಳಿ ಹಾಕಿಸಿಕೊಳ್ಳಿ. ಬೇಸಿಗೆಯಲ್ಲಿ ಬಸ್ಸು, ಕಾರಿನ ಡಿಕ್ಕಿ ಅಂತ ಸುತ್ತಾಡಿಸದೆ ನೇರ ರೂಮಿಗೆ ಬಂದು ಫ್ರಿಜ್‌ಗೆ ಇಡಿ. ಫ್ರೋಜನ್ ಮೀನಾದರೆ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಭಾಗದಲ್ಲಿಡಿ, ಅಡುಗೆ ಕಟ್ಟೆ ಮೇಲೆ ಬಿಡಬೇಡಿ.

ಬೇಕಾಗುವ ಸಾಮಾನು (ನಾಲ್ಕು ಜನರಿಗೆ)

ಮೀನು: ಇಡೀ ಬಂಗುಡೆ ಸುಮಾರು 1 ಕೆಜಿ. ಕ್ಲೀನ್ ಮಾಡಿಸಿದ ಮೇಲೆ 600ರಿಂದ 700 ಗ್ರಾಂ ಉಳಿಯುತ್ತದೆ. ಒಂದೊಂದನ್ನು ಎರಡು ತುಂಡು ಮಾಡಿಸಿ.

ತರಕಾರಿ: ಕೂಸಾ 2 (300 ಗ್ರಾಂ), ಟೊಮೆಟೊ 3 (300 ಗ್ರಾಂ), ಬದನೆ 1 (150 ಗ್ರಾಂ), ಕ್ಯಾಪ್ಸಿಕಂ 1 (150 ಗ್ರಾಂ), ಈರುಳ್ಳಿ 1 (100 ಗ್ರಾಂ). ಒಟ್ಟು 1 ಕೆಜಿ.

ಅರೆಯಲು: ಬ್ಯಾಡಗಿ ಮೆಣಸು 8, ಕೊತ್ತಂಬರಿ ಬೀಜ ಒಂದೂವರೆ ದೊಡ್ಡ ಚಮಚ, ಜೀರಿಗೆ ಅರ್ಧ ಟೀ ಚಮಚ, ಕರಿಮೆಣಸು 8 ಕಾಳು, ಮೆಂತ್ಯ 8 ಕಾಳು, ಅರಿಸಿನ ಕಾಲು ಟೀ ಚಮಚ, ಬೆಳ್ಳುಳ್ಳಿ 5 ಎಸಳು, ಹುಣಸೆಹಣ್ಣು ಚಿಕ್ಕ ನಿಂಬೆ ಗಾತ್ರ.

ಉಳಿದದ್ದು: ಜಜ್ಜಿದ ಶುಂಠಿ ಒಂದು ಇಂಚು, ಬೆಳ್ಳುಳ್ಳಿ 4 ಎಸಳು, ಸೀಳಿದ ಹಸಿಮೆಣಸು 2, ಕರಿಬೇವು, ಕೊತ್ತಂಬರಿ ಸೊಪ್ಪು, ಎಣ್ಣೆ 1 ದೊಡ್ಡ ಚಮಚ, ಉಪ್ಪು 1 ಟೀ ಚಮಚ (ಮಟ್ಟವಾಗಿ, ಗುಡ್ಡೆ ಕಟ್ಟಬೇಡಿ).

ರೂಮಿನಲ್ಲಿ ಮಿಕ್ಸಿ ಇಲ್ಲವೇ? ಚಿಂತೆ ಬೇಡ. ಖಾರ ಕಮ್ಮಿ ಇರುವ ಕಾಶ್ಮೀರಿ ಮೆಣಸಿನ ಪುಡಿ 2 ಟೀ ಚಮಚ, ಕೊತ್ತಂಬರಿ ಪುಡಿ ಒಂದೂವರೆ ದೊಡ್ಡ ಚಮಚ, ಜೀರಿಗೆ ಪುಡಿ, ಕಾಳುಮೆಣಸಿನ ಪುಡಿ, ಅರಿಸಿನ ಒಂದೊಂದು ಚಿಟಿಕೆ. ಎಲ್ಲ ನೀರಲ್ಲಿ ಕಲಸಿ ಪೇಸ್ಟ್ ಮಾಡಿಕೊಳ್ಳಿ. ಪುಡಿಯನ್ನು ನೇರ ಬಿಸಿ ಎಣ್ಣೆಗೆ ಹಾಕಿದರೆ ಸೀದು ಹೋಗುತ್ತದೆ. ಹುಣಸೆ ನೆನೆಸಿ ರಸ ಹಿಂಡಿ. ಹುಣಸೆ ಬದಲು ಲೂಮಿ ಹಾಕುವುದಾದರೆ ಎರಡು ಸಾಕು. ಒಡೆದು ಬೀಜ ತೆಗೆದು ಹಾಕಿ, ಬೀಜ ಬಿಟ್ಟರೆ ಕಹಿ.

ಮಾಡುವ ಕ್ರಮ

1. ಮಾರ್ಕೆಟ್‌ನಲ್ಲಿ ಕ್ಲೀನ್ ಮಾಡಿಸಿದ್ದರೂ ಹೊಟ್ಟೆಯೊಳಗಿನ ಕಪ್ಪು ಪೊರೆ, ರಕ್ತದ ಗೆರೆ ಉಳಿದಿರುತ್ತದೆ. ಅದನ್ನು ತೆಗೆದು ಮೀನು ತೊಳೆಯಿರಿ. ಅರ್ಧ ಉಪ್ಪು, ಚಿಟಿಕೆ ಅರಿಸಿನ, ಅರ್ಧ ನಿಂಬೆರಸ ಸವರಿ ಫ್ರಿಜ್‌ನಲ್ಲಿಡಿ. ಅಷ್ಟರಲ್ಲಿ ತರಕಾರಿ ಹೆಚ್ಚಿ. ಕೂಸಾ ದೊಡ್ಡ ತುಂಡು ಮಾಡಿ, ಚಿಕ್ಕದಾದರೆ ಕರಗಿ ಹೋಗುತ್ತದೆ. ಹೆಚ್ಚಿದ ಬದನೆ ನೀರಲ್ಲಿರಲಿ.

2. ಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಮೆಂತ್ಯವನ್ನು ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಹುರಿಯಿರಿ. ಪರಿಮಳ ಬಂದ ಕೂಡಲೇ ಇಳಿಸಿ. ಹುಣಸೆ, ಬೆಳ್ಳುಳ್ಳಿ, ಅರಿಸಿನ ಸೇರಿಸಿ ನುಣ್ಣಗೆ ಅರೆಯಿರಿ.

3. ಅಗಲ ಪಾತ್ರೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ ಕರಿಬೇವು, ಜಜ್ಜಿದ ಶುಂಠಿ-ಬೆಳ್ಳುಳ್ಳಿ, ಹಸಿಮೆಣಸು, ಈರುಳ್ಳಿ ಹಾಕಿ. ಈರುಳ್ಳಿ ತಳ ಹಿಡಿಯಲು ಶುರುವಾದರೆ ನಮ್ಮ ಕೈ ತಾನಾಗಿಯೇ ಎಣ್ಣೆ ಬಾಟಲಿಗೆ ಹೋಗುತ್ತದೆ. ಅಲ್ಲೇ ತಡೆಯಿರಿ. ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ, ಈರುಳ್ಳಿ ಮೆತ್ತಗಾಗುತ್ತದೆ. ಎಣ್ಣೆ ಕಮ್ಮಿ ಅಡುಗೆಯ ಗುಟ್ಟು ಇದೊಂದೇ.

4. ಟೊಮೆಟೊ ಹಾಕಿ ಕರಗುವವರೆಗೆ ಬೇಯಿಸಿ. ಮಸಾಲೆ ಹಾಕಿ ಮೂರ್ನಾಲ್ಕು ನಿಮಿಷ ಸಣ್ಣ ಉರಿಯಲ್ಲಿ ಕೈಯಾಡಿಸಿ, ಹಸಿ ವಾಸನೆ ಹೋಗಬೇಕು. ತೆಂಗಿನಕಾಯಿ ಇಲ್ಲದಿರುವಾಗ ಸಾರಿಗೆ ದಪ್ಪ ಬರುವುದು ಈ ಟೊಮೆಟೊ, ಈರುಳ್ಳಿಯಿಂದಲೇ. ಇಲ್ಲಿ ಅವಸರ ಮಾಡಬೇಡಿ.

5. ಬದನೆ ಹಾಕಿ, ಎರಡು ಲೋಟ ನೀರು, ಉಳಿದ ಉಪ್ಪು ಹಾಕಿ ಮುಚ್ಚಿ 5 ನಿಮಿಷ ಬೇಯಿಸಿ. ನಂತರ ಕೂಸಾ, ಕ್ಯಾಪ್ಸಿಕಂ ಹಾಕಿ 3 ನಿಮಿಷ. ತರಕಾರಿ ಮುಕ್ಕಾಲು ಬೆಂದಿರಬೇಕು. ಈ ಹಂತದಲ್ಲಿ ಉಪ್ಪು, ಹುಳಿ ನೋಡಿ ಸರಿ ಮಾಡಿಕೊಳ್ಳಿ. ಮೀನು ಬಿದ್ದ ಮೇಲೆ ಕಲಸುವ ಹಾಗಿಲ್ಲ.

6. ಸಾರು ಕುದಿಯುವಾಗ ಮೀನನ್ನು ಒಂದರ ಮೇಲೊಂದು ಬೀಳದಂತೆ ಜೋಡಿಸಿ. ಉರಿ ಸಣ್ಣದು ಮಾಡಿ ಮುಚ್ಚಿ. ಬಂಗುಡೆಗೆ 6ರಿಂದ 8 ನಿಮಿಷ, ದಪ್ಪ ತುಂಡಾದರೆ 8ರಿಂದ 10. ಸೌಟು ಹಾಕಬೇಡಿ. ಬಟ್ಟೆ ಹಿಡಿದು ಪಾತ್ರೆಯನ್ನೇ ಒಮ್ಮೆ ನಿಧಾನ ತಿರುಗಿಸಿ. ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಸಲೀಸಾಗಿ ಬಿಟ್ಟುಕೊಂಡರೆ ಬೆಂದಿದೆ ಅಂತ ಅರ್ಥ.

7. ಕೊತ್ತಂಬರಿ ಸೊಪ್ಪು ಉದುರಿಸಿ ಒಲೆ ಆರಿಸಿ. ಹತ್ತು ನಿಮಿಷ ಮುಚ್ಚಿಯೇ ಇಡಿ. ಆಗಲೇ ಹುಳಿ-ಖಾರ ಮೀನಿಗೆ ಇಳಿಯುವುದು.

ಒಂದೇ ಒಲೆ, ಒಂದೇ ಪಾತ್ರೆ. ಕಾಮನ್ ಕಿಚನ್‌ನಲ್ಲಿ ನಿಮ್ಮ ಸರದಿ ಮುಕ್ಕಾಲು ಗಂಟೆಯಾದರೂ ಸಾಕು, ಹೆಚ್ಚುವ ಕೆಲಸ ಮೊದಲೇ ರೂಮಿನಲ್ಲಿ ಮುಗಿಸಿಕೊಂಡರೆ ಆಯಿತು. ಫ್ರೈ ಮಾಡಿದ ಹೊಗೆ, ಕರಿದ ಎಣ್ಣೆ ಎತ್ತಿಟ್ಟು ಮತ್ತೆ ಮತ್ತೆ ಬಳಸುವ ಕೆಟ್ಟ ಅಭ್ಯಾಸ, ಎರಡೂ ತಪ್ಪುತ್ತದೆ.

ತೆಂಗಿನಕಾಯಿ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಮಸಾಲೆ ಜತೆ ಎರಡು ದೊಡ್ಡ ಚಮಚ ತುರಿ ಅರೆಯಿರಿ. ಅಷ್ಟಕ್ಕೆ ತಲೆಗೆ ಒಂದೆರಡು ಗ್ರಾಂ ಕೊಬ್ಬು ಮಾತ್ರ. ಮೊದಲ ಸಲ ಹೀಗೆ ಮಾಡಿ, ನಿಧಾನ ಬಿಡಬಹುದು. ನಾವೂ ಹಾಗೇ ಬಿಟ್ಟದ್ದು.

ತಟ್ಟೆಯಲ್ಲಿ ಏನೆಷ್ಟು?

ಸಾರು ಹಗುರ ಮಾಡಿ, ಅದು ರುಚಿಯಾಗಿದೆ ಅಂತ ಮೂರು ತಟ್ಟೆ ಅನ್ನ ಹೊಡೆದರೆ ಲೆಕ್ಕ ಮತ್ತೆ ತಪ್ಪುತ್ತದೆ. ಬೇಯಿಸಿದ ಅನ್ನ ಒಂದು ಕಪ್‌ಗೆ ಸುಮಾರು 200 ಕ್ಯಾಲೊರಿ. ತಟ್ಟೆಯನ್ನು ಕಣ್ಣಲ್ಲೇ ಭಾಗ ಮಾಡಿ: ಅರ್ಧ ತರಕಾರಿ, ಕಾಲು ಭಾಗ ಮೀನು, ಕಾಲು ಭಾಗ ಅನ್ನ ಅಥವಾ ಚಪಾತಿ. ಕುಚ್ಚಲಕ್ಕಿ ಸಿಕ್ಕರೆ ಒಳ್ಳೆಯದು, ಹೊಟ್ಟೆ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಅದನ್ನೂ ಅಳತೆಯಲ್ಲೇ ತಿನ್ನಬೇಕು. ಬಿಸಿಲಲ್ಲಿ ಮೈಮುರಿದು ದುಡಿಯುವವರಿಗೆ ಅನ್ನ ಸ್ವಲ್ಪ ಜಾಸ್ತಿ ಬೇಕು, ಅದು ನ್ಯಾಯವೇ. ನನ್ನ ಹಾಗೆ ಕುರ್ಚಿಯಲ್ಲಿ ಕೂತು ಕೀಲಿ ಒತ್ತುವವರಿಗೆ ಆ ವಿನಾಯಿತಿ ಇಲ್ಲ.

ದಿನಕ್ಕೆ ಒಬ್ಬರಿಗೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಪಾತ್ರೆಯಲ್ಲಿ 1 ಕೆಜಿ ತರಕಾರಿ, ನಾಲ್ಕು ಜನ, ತಲೆಗೆ 250 ಗ್ರಾಂ. ಒಂದೇ ಊಟದಲ್ಲಿ ಅರ್ಧಕ್ಕಿಂತ ಹೆಚ್ಚು ಆಯಿತು. ಒಂದು ಸೇಬೋ ಕಿತ್ತಳೆಯೋ ತಿಂದರೆ ದಿನದ ಲೆಕ್ಕ ಹೆಚ್ಚುಕಮ್ಮಿ ಮುಗಿಯಿತು.

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗಿರಬೇಕು ಅಂತಲೂ ಅದೇ ಸಂಸ್ಥೆಯ ಸಲಹೆ. ಅಂದರೆ ಸುಮಾರು ಒಂದು ಟೀ ಚಮಚ. ಇಲ್ಲಿ ಆ ಒಂದು ಚಮಚವನ್ನು ನಾಲ್ಕು ಜನ ಹಂಚಿಕೊಂಡಿದ್ದೇವೆ. ಆದರೆ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಚಟ್ನಿ ಇಟ್ಟುಕೊಂಡರೆ ಈ ಉಳಿತಾಯ ಎಲ್ಲ ನೀರಲ್ಲಿ ಹೋಮ. ಸಾರಿಗೆ ಸ್ಟಾಕ್ ಕ್ಯೂಬ್ ಹಾಕುವ ಅಭ್ಯಾಸ ಇದ್ದರೆ ಬಿಡಿ, ಅದರಲ್ಲಿ ಉಪ್ಪೇ ಜಾಸ್ತಿ.

ಖರ್ಚು ಎಷ್ಟಾಯಿತು ಎಂದು ಕೇಳಬೇಡಿ, ಊರಿಂದ ಊರಿಗೆ, ವಾರದಿಂದ ವಾರಕ್ಕೆ ದರ ಬೇರೆ. ನೀವೇ ಒಂದು ಚೀಟಿಯಲ್ಲಿ ಬರೆಯಿರಿ: ಮೀನು, ತರಕಾರಿ, ಮಸಾಲೆ-ಎಣ್ಣೆ, ಅಕ್ಕಿ. ಒಟ್ಟು ಮಾಡಿ ನಾಲ್ಕರಿಂದ ಭಾಗಿಸಿ. ಪಕ್ಕದಲ್ಲಿ ಹೋಟೆಲ್‌ನ ಒಂದು ಫಿಶ್ ಫ್ರೈ ಮೀಲ್ಸ್ ದರ ಬರೆಯಿರಿ. ತಿಂಗಳಿಗೆ ಎಂಟು ಊಟ ಅಂತ ಗುಣಿಸಿ ವ್ಯತ್ಯಾಸ ನೋಡಿ. ನಮ್ಮ ರೂಮಿನ ಗೋಡೆಗೆ ಈ ಚೀಟಿ ಅಂಟಿಸಿದ ಮೇಲೆಯೇ ಮೂಗು ಮುರಿದವರು ಸುಮ್ಮನಾದದ್ದು.

ಉಳಿದ ಸಾರು ಮತ್ತು ಡ್ಯೂಟಿ ಡಬ್ಬಿ

ಮೀನು ಸಾರು ಮರುದಿನ ಇನ್ನೂ ರುಚಿ ಅನ್ನುವುದು ನಿಜ. ಊರಲ್ಲಿ ಮಣ್ಣಿನ ಪಾತ್ರೆಯಲ್ಲಿಟ್ಟು ಕುದಿಸಿ ಕುದಿಸಿ ಎರಡು ದಿನ ತಿನ್ನುತ್ತಿದ್ದೆವು. ಇಲ್ಲಿನ ಸೆಕೆಯಲ್ಲಿ ಆ ಧೈರ್ಯ ಬೇಡ. ಬೇಯಿಸಿದ ಪದಾರ್ಥ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು, ಸೆಕೆ ವಿಪರೀತ ಇದ್ದು ಎಸಿ ಇಲ್ಲದ ಜಾಗವಾದರೆ ಒಂದೇ ಗಂಟೆ. ಊಟ ಆದ ಕೂಡಲೇ ಉಳಿದದ್ದನ್ನು ಚಿಕ್ಕ ಡಬ್ಬಿಗಳಲ್ಲಿ ಹಾಕಿ ಫ್ರಿಜ್‌ಗೆ ಇಡಿ. ಮರುದಿನ ಬೇಕಾದಷ್ಟೇ ತೆಗೆದು ಚೆನ್ನಾಗಿ ಕುದಿಸಿ, ಅದೇ ದಿನ ಮುಗಿಸಿ.

ಸೈಟಿಗೆ ಡಬ್ಬಿ ಒಯ್ಯುವವರು, ಅಲ್ಲಿ ಫ್ರಿಜ್ ಮತ್ತು ಬಿಸಿ ಮಾಡುವ ವ್ಯವಸ್ಥೆ ಇಲ್ಲದಿದ್ದರೆ, ಬೇಸಿಗೆಯಲ್ಲಿ ಮೀನು ಒಯ್ಯಬೇಡಿ. ಅದು ರಾತ್ರಿ ಊಟಕ್ಕಿರಲಿ.

ಯಾರು ಸ್ವಲ್ಪ ಜಾಗ್ರತೆ ಮಾಡಬೇಕು?

ಯೂರಿಕ್ ಆಸಿಡ್ ಜಾಸ್ತಿ ಇದ್ದು ಕಾಲಿನ ಹೆಬ್ಬೆರಳು ಊದಿಕೊಳ್ಳುವ ಗೌಟ್ ಇರುವವರಿಗೆ ಬೂತಾಯಿ, ಬಂಗುಡೆ ಹೆಚ್ಚಾದರೆ ನೋವು ಕೆರಳಬಹುದು. ಅವರು ಡಾಕ್ಟರ್ ಹತ್ತಿರ ಕೇಳಿಯೇ ತಿನ್ನಿ. ಕಿಡ್ನಿ ತೊಂದರೆ ಇರುವವರಿಗೆ ಟೊಮೆಟೊ, ಪ್ರೋಟೀನ್, ಉಪ್ಪು ಎಲ್ಲದಕ್ಕೂ ಬೇರೆ ಅಳತೆ ಇರುತ್ತದೆ, ಅವರವರ ಡಾಕ್ಟರ್ ಹೇಳಿದ್ದೇ ಕೊನೆ ಮಾತು. ಮೀನಿನ ಅಲರ್ಜಿ ಇರುವವರಿಗೆ ಯಾವ ಮೀನೂ ಬೇಡ.

ಇನ್ನೊಂದು ಮಾತು. ಊಟ ಬದಲಾಯಿಸಿದೆ ಅಂತ ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬೇಡಿ. ಊರಿಂದ ತಂದ ಮಾತ್ರೆ ಮುಗಿಯಿತು, ಇನ್ನು ರಜೆಗೆ ಹೋದಾಗ ತರೋಣ ಅಂತ ನಾಲ್ಕು ತಿಂಗಳು ಬಿಡುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಮಾತ್ರೆ ಮಾತ್ರೆಯ ಕೆಲಸ ಮಾಡುತ್ತದೆ, ಊಟ ಊಟದ ಕೆಲಸ. ಒಂದಕ್ಕೆ ಬದಲು ಇನ್ನೊಂದು ಆಗುವುದಿಲ್ಲ.

ಕೊನೆಗೆ

ಲೆಕ್ಕದ ಪುಸ್ತಕದಲ್ಲಿ ಮಿಷನ್ನಿಗೆ ಪ್ರತಿ ವರ್ಷ ಸವಕಳಿ ಬರೆಯುತ್ತೇವೆ. ಮಿಷನ್ ಹಳತಾಗುತ್ತದೆ, ಅದಕ್ಕೆ ಹಣ ಎತ್ತಿಡಬೇಕು ಅಂತ. ಊರಿನ ಮನೆ, ಮಕ್ಕಳ ಓದು, ತಂದೆತಾಯಿ ಔಷಧಿ ಎಲ್ಲವೂ ಯಾವ ಮಿಷನ್ ಮೇಲೆ ನಿಂತಿದೆಯೋ ಆ ಮೈಗೆ ಮಾತ್ರ ನಾವು ಸವಕಳಿ ಬರೆಯುವುದೇ ಇಲ್ಲ. ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಬಿಪಿ, ಶುಗರ್, ಲಿಪಿಡ್ ಪರೀಕ್ಷೆ ಮಾಡಿಸಿ. ಇನ್ಶೂರೆನ್ಸ್ ಕಾರ್ಡ್ ಇದ್ದರೆ ಅದರಲ್ಲಿ ಏನೆಲ್ಲ ಬರುತ್ತದೆ ಕೇಳಿ ತಿಳಿದುಕೊಳ್ಳಿ. ನಮ್ಮವರ ಸಂಘ-ಸಂಸ್ಥೆಗಳು ಆಗಾಗ ಉಚಿತ ಶಿಬಿರ ಮಾಡುತ್ತವೆ, ರಕ್ತ ಕೊಡಲು ಮಾತ್ರವಲ್ಲ, ನಿಮ್ಮ ರಕ್ತ ನೋಡಿಸಿಕೊಳ್ಳಲೂ ಹೋಗಿ.

ನಮ್ಮ ಆ ಊರಿನವರು ಈಗ ಡ್ಯೂಟಿಗೆ ಬರುತ್ತಿದ್ದಾರೆ. ಮೊದಲ ಸಲ ಈ ಪುಳಿಮುಂಚಿ ಮಾಡಿದ ದಿನ ವಿಡಿಯೋ ಕಾಲ್‌ನಲ್ಲಿ ಮನೆಯವರಿಗೆ ತಟ್ಟೆ ತೋರಿಸಿದರು. "ಅಯ್ಯೋ, ಬಂಗುಡೆಗೆ ಸೌತೆಕಾಯಿ ಹಾಕಿದ್ದೀರಾ?" ಎಂದು ಆ ಕಡೆಯಿಂದ ನಗು. ಇವರು ಕೂಸಾ ಎತ್ತಿ ತೋರಿಸಿ, "ಇದು ಇಲ್ಲಿನ ಸೌತೆ ಮಾರಾಯ್ತಿ, ಮೀನು ಬಿಡಬೇಕಾಗಿಲ್ಲ ಅಂದಿದ್ದಾರೆ" ಎಂದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನನಗೂ ಬರೆದು ಕಳಿಸಿ, ಹೇಗೆ ಮಾಡಿದ್ದು ಅಂತ" ಎಂದರು. ಅವರಿಗಾಗಿ ಅಂದು ಮೊಬೈಲ್‌ನಲ್ಲಿ ಬರೆದು ಕಳಿಸಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಟ್ಟಿದ್ದೇನೆ. ಈ ರಜೆ ದಿನ ನಿಮ್ಮ ರೂಮಿನಲ್ಲೂ ಒಮ್ಮೆ ಮಾಡಿ ನೋಡಿ.